ಎಡಕ್ಕೆ ಒಂಚೂರು

ಡ್ರೈವಿಂಗ್ ಸ್ಕೂಲಿನ ಮಾಸ್ತರಿಗೆ ಬೆರಳು ಸುಮ್ಮನಿದ್ದರೆ ಬಾಯಿ ಓಡುತ್ತಿರಲಿಲ್ಲ. ಪಾಠ ಶುರುವಾಯಿತೆಂದರೆ ಕಾರಿನ ಕೀಯನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡು ಗಿರಗಿರ ತಿರುಗಿಸುವುದು ಅವರ ಇಪ್ಪತ್ತೆರಡು ವರ್ಷದ ಅಭ್ಯಾಸ. ಕ್ಲಚ್ಚಿನ ಮಾತು ಬಂದರೆ ನಿಧಾನವಾಗಿ, ಬ್ರೇಕಿನ ಮಾತು ಬಂದರೆ ಜೋರಾಗಿ. ಆ ಗುರುವಾರ ಬೆಳಿಗ್ಗೆ ಗೋದಾಮುಗಳ ಹಿಂದಿನ ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು, ಮಧ್ಯಾಹ್ನ ಮೂರರ ಪರೀಕ್ಷೆಗೆ ಕೊನೆಯ ಉಪದೇಶ ಮಾಡುತ್ತಿದ್ದಾಗ ಬ್ರೇಕಿನ ಮಾತು ಬಂತು. ಕೀ ಬೆರಳಿನಿಂದ ಹಾರಿ, ಬಿಸಿಲಿನಲ್ಲಿ ಒಮ್ಮೆ ಮಿಂಚಿ, ಚರಂಡಿಯ ಕಬ್ಬಿಣದ ಜಾಲರಿಯ ಸಂದಿನೊಳಗೆ ಅಳತೆ ಮಾಡಿ ಹಾಕಿದಂತೆ ಇಳಿದುಹೋಯಿತು. ಕೆಳಗಿನಿಂದ ಗುಳುಂ ಎಂದು ಸದ್ದೂ ಬಂತು.

ಮಾಸ್ತರು ಜಾಲರಿಯ ಮೇಲೆ ಬಗ್ಗಿ ನಿಂತರು. ಡ್ರೈವರ್ ಸೀಟಿನಲ್ಲಿ ಕೂತಿದ್ದ ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ಇನ್ನೊಂದು ಕೀ ಇದೆಯಲ್ಲ ಮಾಸ್ತರೇ?"

"ಇತ್ತು," ಅಂದರು ಮಾಸ್ತರು. "ಅದೂ ಹೀಗೇ ಹೋಯ್ತು. ಹೋದ ವರ್ಷ, ಸೇತುವೆ ಮೇಲೆ ಪಾಠ ಮಾಡ್ತಿದ್ದೆ."

ಸ್ಕೂಲಿಗೆ ಇದ್ದದ್ದು ಅದೊಂದೇ ಕಾರು.

ಅವಳನ್ನು ಮೊದಲು ಚಿಕ್ಕಮ್ಮ ಎಂದು ಕರೆದದ್ದು ಅವಳ ಅಕ್ಕನ ಮಗಳು. ಈ ಸ್ಕೂಲಿಗೆ ತಂದು ಸೇರಿಸಿದವಳೂ ಆ ಹುಡುಗಿಯೇ. ಆಮೇಲೆ ಮಾಸ್ತರಿಗೂ ಮಾಸ್ತರ ಹೆಂಡತಿಗೂ ಪರೀಕ್ಷೆಯ ಕಚೇರಿಯ ಜವಾನನಿಗೂ ಅವಳು ಚಿಕ್ಕಮ್ಮನೇ ಆದಳು. ಜವಾನನಿಗೆ ಹೇಗೆ ಪರಿಚಯ ಎಂದು ಕೇಳಬೇಡಿ. ಮೂರು ಸಲ ನಪಾಸಾದವರನ್ನು ಆ ಕಚೇರಿಯಲ್ಲಿ ಮನೆಯವರ ಹಾಗೇ ನೋಡುತ್ತಾರೆ, ಕೂರಲು ಕುರ್ಚಿಯನ್ನೂ ಕೊಡುತ್ತಾರೆ. ಇದು ನಾಲ್ಕನೇ ಸಲ. ವಯಸ್ಸು ಐವತ್ತನಾಲ್ಕು.

ಅವಳ ಯಜಮಾನರು ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಕಣ್ಣಿನ ನರ ಸೋಲುತ್ತಿದೆ. ಕಾಗದವನ್ನು ಸುರುಳಿ ಸುತ್ತಿ ಅದರೊಳಗಿಂದ ನೋಡಿದರೆ ಎಷ್ಟು ಕಾಣುತ್ತದೋ ಅಷ್ಟೇ ಅವರಿಗೆ ಕಾಣುವುದು. ಎಂಟು ತಿಂಗಳಿಂದ ಮನೆಯ ಕಾರು ಹೊದಿಕೆ ಹೊದ್ದು ನಿಂತಿದೆ. ಯಜಮಾನರು ಬಾಗಿಲ ಮೆಟ್ಟಿಲ ಮೇಲೆ ಕೂತು ಬೀದಿಯ ಗಾಡಿಗಳ ಸದ್ದು ಕೇಳುತ್ತಾ, "ಎರಡನೇ ಗೇರಲ್ಲೇ ಎಳೀತಿದಾನೆ ನೋಡು, ಪಾಪಿ" ಎಂದು ಗೊಣಗುತ್ತಾರೆ. ಹದಿನೈದು ದಿನದ ಹಿಂದೆ ಯಾರೊಂದಿಗೋ ಫೋನಿನಲ್ಲಿ ಮಾತಾಡಿ, ಎರಡು ವಾರ ಬಿಟ್ಟು ಬರುವ ಭಾನುವಾರ ಕಾರು ತೆಗೆದುಕೊಂಡು ಹೋಗಿ ಎಂದರು. "ಓಡಿಸೋರಿಲ್ಲದ ಗಾಡಿ ಮನೇಲಿ ಯಾಕೆ?" ಎಂದು ಇವಳಿಗೆ ಹೇಳಿ ತಟ್ಟೆಯ ಮುಂದಿನಿಂದ ಅರ್ಧಕ್ಕೇ ಎದ್ದರು. ಅಂದಿನಿಂದ ಬೀದಿಯ ಗಾಡಿಗಳನ್ನು ಬೈಯುವುದೂ ಕಡಿಮೆಯಾಯಿತು. ಅದು ಚಿಕ್ಕಮ್ಮನಿಗೆ ನಿಜವಾದ ಹೆದರಿಕೆ ಹುಟ್ಟಿಸಿತು. ಕಾರು ಹೋದರೆ ಅದರ ಹಿಂದೆಯೇ ಈ ಮನುಷ್ಯನೂ ಒಳಗೊಳಗೇ ಎಲ್ಲಿಗೋ ಹೊರಟುಹೋಗುತ್ತಾನೆ ಎಂದು ಅವಳಿಗೆ ಅನ್ನಿಸಿಬಿಟ್ಟಿತ್ತು. ಲೈಸೆನ್ಸನ್ನು ತಂದು ಅವರ ಕೈಯಲ್ಲಿಟ್ಟರೆ ಮಾತ್ರ ಕಾರು ಉಳಿಯುತ್ತದೆ.

ಕಲಿಯುತ್ತಿರುವುದನ್ನು ಅವರಿಗೆ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದು ಸಲ ಹೇಳಿಕೊಡಲು ಕೂರಿಸಿಕೊಂಡು, ಕಾರು ಗೇಟಿಗೆ ತಾಗಿದ್ದೇ ತಡ ಬೀದಿಗೆಲ್ಲ ಕೇಳುವಂತೆ ಕಿರುಚಿ, "ನಿನ್ನ ಕೈಲಾಗಲ್ಲ, ಇಳಿ" ಅಂದಿದ್ದರು. ಇಳಿದಿದ್ದಳು. ಈಗ ಅವರ ಲೆಕ್ಕದಲ್ಲಿ ಅವಳು ಹೊಲಿಗೆ ಕ್ಲಾಸಿಗೆ ಹೋಗುತ್ತಾಳೆ. ನಾಲ್ಕು ತಿಂಗಳ ಹೊಲಿಗೆಯಲ್ಲಿ ಒಂದು ಕರವಸ್ತ್ರವೂ ಮನೆಗೆ ಬಂದಿಲ್ಲ.

ಮಾಸ್ತರು ತಲೆಯ ಮೇಲೆ ಕೈ ಹೊತ್ತು ಎರಡು ನಿಮಿಷ ನಿಂತರು, ಮೂರನೇ ನಿಮಿಷಕ್ಕೆ ಫೋನ್ ತೆಗೆದರು. ಹನ್ನೊಂದೂವರೆಗೆ ಒಂದು ಹಳೆಯ ಸ್ಕೂಟರು ಬಂದು ಕಾರಿನ ಪಕ್ಕ ನಿಂತಿತು. ಬಂದವನು ಮಾರುಕಟ್ಟೆಯವರೆಲ್ಲ ಕೀಯಣ್ಣ ಎಂದು ಕರೆಯುವ, ಕೀ ಮಾಡುವವನು. ಅರವತ್ತರ ಹತ್ತಿರದ ಸಣಕಲು ಮನುಷ್ಯ. ಗಡಿಯಾರ ರಿಪೇರಿಯವರಂತೆ ಒಂದು ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡಿದ್ದ. ಕಾರಿನ ಸುತ್ತ ಒಂದು ಸುತ್ತು ಬಂದು, ಬೀಗಕ್ಕೆ ಕಣ್ಣಿಟ್ಟು ನೋಡಿ, ಬಾಯಲ್ಲಿ ಒಮ್ಮೆ ಊದಿದ.

"ಹಳೇ ಗಾಡಿ. ನಂಬರ್ ಹೇಳಿ ಕಂಪನಿಯಿಂದ ಕೀ ತರಿಸಿದ್ರೂ ತಿರುಗಲ್ಲ. ಬೀಗ ಅಷ್ಟು ಸವೆದಿದೆ. ಇದನ್ನೇ ಕೇಳಿ ಕೇಳಿ ಮಾಡ್ಬೇಕು. ಎರಡೂವರೆ ಗಂಟೆ ಬೇಕು."

"ಮೂರಕ್ಕೆ ಪರೀಕ್ಷೆ ಇದೆಯಪ್ಪಾ!"

"ಮಾತಾಡಿಸ್ತಾ ನಿಂತ್ರೆ ಮೂರೂ ಆಗುತ್ತೆ, ನಾಲ್ಕೂ ಆಗುತ್ತೆ. ಗಾಡಿ ಕಾಗದ ಎಲ್ಲಿ?"

ಕಾಗದ ಮಾಸ್ತರ ಮನೆಯ ಬೀರುವಿನಲ್ಲಿತ್ತು, ಊರಿನ ಆ ತುದಿಯಲ್ಲಿ. ಕೀಯಣ್ಣ ಕೆಲಸ ಶುರು ಮಾಡಲು ಒಪ್ಪಿದ. ಆದರೆ ಗಾಡಿ ಯಾರದು ಎಂಬ ಕಾಗದವನ್ನು ಕಣ್ಣಾರೆ ನೋಡದೆ ಕೀಯನ್ನು ಯಾರ ಕೈಗೂ ಕೊಡುವುದಿಲ್ಲ ಎಂದ. ಅಪ್ಪನ ಕಾಲದಿಂದ ಅದೇ ನಿಯಮವಂತೆ. ಮಾಸ್ತರು ಎಷ್ಟು ಗೋಗರೆದರೂ ಆಸಾಮಿ ಬಗ್ಗಲಿಲ್ಲ. ಕೊನೆಗೆ ಅವರೇ ಬಸ್ಸು ಹಿಡಿಯಲು ಹೊರಟರು, ಹೋಗುವ ಮುಂಚೆ ಕಿಟಕಿಗೆ ಬಗ್ಗಿ ಧೈರ್ಯ ಹೇಳಿದರು.

"ಹೆದರ್ಬೇಡಿ ಚಿಕ್ಕಮ್ಮ. ಇವತ್ತು ಪರೀಕ್ಷೆ ಮಾಡೋ ದೊಡ್ಡ ಸಾಹೇಬರು ರಜ, ಚಿಕ್ಕ ಸಾಹೇಬರು ಬರ್ತಾರೆ. ದೊಡ್ಡವರ ಥರ ನನ್ನನ್ನ ಕೆಳಗಿಳಿಸಲ್ಲ. ನಾನು ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ. ಪಾಸಾದ್ರಿ ಅಂತಲೇ ತಿಳ್ಕೊಳ್ಳಿ."

ಮಾಸ್ತರು ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಕೀಯಣ್ಣ ಪೆಟ್ಟಿಗೆ ಬಿಚ್ಚಿದ. ಹಲ್ಲು ಕೊರೆಯದ ಒಂದು ಬೋಳು ಕೀ, ಎರಡು ಸಣ್ಣ ಅರ, ಮೋಟು ಮೇಣದಬತ್ತಿ, ಒಂದು ಟಾರ್ಚು. ಚಿಕ್ಕಮ್ಮ ಇಳಿಯಲು ಹೊರಟಳು.

"ನೀವು ಕೂತಿರಿ ಅಮ್ಮಾ, ನಿಮ್ಮಿಂದ ಕೆಲಸ ಇದೆ. ಸ್ಟಿಯರಿಂಗು ಲಾಕ್ ಆಗಿದೆಯಲ್ಲ, ಅದರ ಭಾರ ಎಲ್ಲಾ ಬೀಗದ ಮೇಲೆ ಬೀಳುತ್ತೆ. ನೀವು ಸ್ಟಿಯರಿಂಗನ್ನ ಎಡಕ್ಕೆ ಒಂಚೂರು ಎಳೆದು ಹಿಡ್ಕೊಳ್ಳಿ. ಜೋರಾಗಿ ಬೇಡ. ಮಲಗಿರೋ ಮಗೂನ ತಲೆ ಸರಿ ಮಾಡ್ತೀವಲ್ಲ, ಅಷ್ಟೇ."

ಚಿಕ್ಕಮ್ಮ ಎಡಕ್ಕೆ ಒಂಚೂರು ಎಳೆದು ಹಿಡಿದಳು.

ಅವನು ತೆರೆದ ಬಾಗಿಲ ಪಕ್ಕ ಮಣೆ ಹಾಕಿಕೊಂಡು ಕೂತ. ಬೋಳು ಕೀಯನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿ ಬೀಗಕ್ಕೆ ಹಾಕಿದ. ಹಾಕಿ ಮೆಲ್ಲನೆ ಆಡಿಸಿ, ಹೊರಗೆ ತೆಗೆದು ಕಣ್ಣಿನ ಹತ್ತಿರ ಹಿಡಿದ. ಕಪ್ಪಿನ ಮೇಲೆ ಎಳ್ಳು ಕಾಳಿಗಿಂತ ಸಣ್ಣದೊಂದು ಹೊಳೆಯುವ ಚುಕ್ಕೆ. ಬೀಗ ಕಚ್ಚಿದ ಜಾಗ ಅದು. ಅಲ್ಲಿ ಅರದಿಂದ ಮೂರು ಸಲ ಉಜ್ಜಿ, ಮತ್ತೆ ಹೊಗೆಗೆ ಹಿಡಿದು, ಮತ್ತೆ ಒಳಗೆ.

"ಇದು ಎಷ್ಟು ಸಲ ಆಗ್ಬೇಕು?"

"ಅದು ಸಾಕು ಅನ್ನೋವರೆಗೆ."

ಕಿರ್, ಕಿರ್, ಕಿರ್. ಮಧ್ಯಾಹ್ನ ಏರುತ್ತಿತ್ತು. ಗೋದಾಮಿನ ಉದ್ದನೆಯ ಗೋಡೆಯ ಮೇಲೆ ಬಿಸಿಲು ಬಿದ್ದು ಬೀದಿಯೆಲ್ಲ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿತ್ತು. ಎದುರಿನ ಮನೆಯ ಮಹಡಿಯಲ್ಲಿ ಒಣಗಹಾಕಿದ ಬಿಳಿಯ ಹಾಸಿಗೆ ಬಟ್ಟೆ ಗಾಳಿ ತುಂಬಿಕೊಂಡು ಉಬ್ಬುವುದು, ಏನೋ ನೆನಪಾದಂತೆ ಇಳಿಯುವುದು. ಯಾರೂ ಓಡಾಡುತ್ತಿರಲಿಲ್ಲ. ಒಂದು ಬೆಕ್ಕು ಬೀದಿ ದಾಟಲು ಹೊರಟು ನಡುವೆ ಮನಸ್ಸು ಬದಲಾಯಿಸಿ ಅಲ್ಲೇ ಮಲಗಿತು. ಗಾಜಿನ ಒಳಗೆ ಕಾವು ಕೂತು ಸೀಟಿನ ರೆಕ್ಸಿನ್ನು ಹಳೆಯ ವಾಸನೆ ಬಿಡತೊಡಗಿತು. ಚಿಕ್ಕಮ್ಮನ ಕೈ ಎಡಕ್ಕೆ ಒಂಚೂರು ಹಿಡಿದೇ ಇತ್ತು. ಕಣ್ಣೆವೆ ಯಾವಾಗ ಭಾರವಾಯಿತೋ ಅವಳಿಗೆ ತಿಳಿಯಲಿಲ್ಲ.

ಕಾರು ಹೊರಟಿತು. ಇಂಜಿನ್ ಸದ್ದಿಲ್ಲ, ಕಿರ್ ಕಿರ್ ಎಂದು ಚಕ್ರಗಳ ಕೆಳಗೆ ಮರಳು ಅರೆದಂತೆ ಮಾತ್ರ. ಕೈ ಎಡಕ್ಕೆ ಇದ್ದದ್ದರಿಂದ ದಾರಿಯೂ ಎಡಕ್ಕೇ ಬಾಗಿತು. ಹಾಲಿನ ಅಂಗಡಿ ಬಂತು, ನೀರಿನ ಟ್ಯಾಂಕು ಬಂತು, ಅಕ್ಕನ ಮನೆಯ ಹಸಿರು ಕಿಟಕಿ ಬಂತು, ಆಮೇಲೆ ತನ್ನದೇ ಮನೆಯ ಗೇಟು. ಗೇಟಿನ ಹತ್ತಿರ ಯಜಮಾನರು ನಿಂತಿದ್ದರು, ಮೂವತ್ತು ವರ್ಷದವರು, ಇಸ್ತ್ರಿ ಮಾಡಿದ ಖಾಕಿ ಅಂಗಿ, ಕೈಯಲ್ಲಿ ಬುತ್ತಿ ಡಬ್ಬಿ. ಹತ್ತಿಸಿಕೋ ಎಂದು ಕೈ ಅಡ್ಡ ಹಿಡಿದರು. ಚಿಕ್ಕಮ್ಮ ನಿಲ್ಲಿಸಬೇಕು ಅಂದುಕೊಂಡಳು. ಕಾರು ನಿಲ್ಲಲಿಲ್ಲ. ಎಡಕ್ಕೆ ಬಾಗುತ್ತಾ ಮತ್ತೆ ಹಾಲಿನ ಅಂಗಡಿ, ನೀರಿನ ಟ್ಯಾಂಕು, ಹಸಿರು ಕಿಟಕಿ, ಗೇಟು. ಈ ಸಲ ಅವರ ಮೀಸೆಗೆ ನರೆ ಬಂದಿತ್ತು. ಮತ್ತೊಂದು ಸುತ್ತಿಗೆ ಕನ್ನಡಕ ಬಂತು. ಪ್ರತಿ ಸುತ್ತಿಗೂ ಕೈ ಅಡ್ಡ ಹಿಡಿಯುತ್ತಾರೆ, ಪ್ರತಿ ಸುತ್ತಿಗೂ ಅವಳು ಅವರನ್ನು ದಾಟಿ ಹೋಗುತ್ತಾಳೆ. ಕಾಲು ಎಲ್ಲಿದೆ ಎಂದು ಹುಡುಕಿದಳು. ಕಾಲೇ ಇರಲಿಲ್ಲ. ಸೊಂಟದವರೆಗೆ ಸೀರೆ, ಅದರ ಕೆಳಗೆ ಬಿಸಿಲು.

ಠಣ್ ಎಂದಿತು. ಚಿಕ್ಕಮ್ಮ ಬೆಚ್ಚಿಬಿದ್ದು ಕಣ್ಣು ಬಿಟ್ಟಳು.

"ಅರ ಬಿತ್ತು," ಎಂದ ಕೀಯಣ್ಣ. "ಸ್ವಲ್ಪ ಕಾಲು ಎತ್ತಿ."

ಸದ್ಯ, ಕಾಲು ಇತ್ತು. ಎತ್ತಿದಳು. ಅವನು ಟಾರ್ಚು ಹಾಕಿ ತಲೆಯನ್ನು ಒಳಗೆ ತೂರಿಸಿ ಅರ ಹುಡುಕಿದ. ಸಿಕ್ಕಿದ ಮೇಲೂ ತಲೆ ಹೊರಗೆ ತೆಗೆಯಲಿಲ್ಲ. ಬೆಳಕನ್ನು ಇವಳ ಕಾಲ ಕೆಳಗೆ ಹಿಡಿದ, ಆಮೇಲೆ ಎಡಗಡೆಯ ಸೀಟಿನ ಮುಂದೆ ಹಿಡಿದ. ಡ್ರೈವಿಂಗ್ ಸ್ಕೂಲಿನ ಕಾರಲ್ಲವೇ, ಕಲಿಸುವವರ ಸೀಟಿಗೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತದೆ.

"ಈ ಎರಡು ಕಡೆ ಪೆಡಲ್ ರಬ್ಬರೂ ಒಂದೇ ದಿನ ಹಾಕಿಸಿದ್ದಾ ಅಮ್ಮಾ?"

"ಹೌದು. ನಾನು ಸೇರಿದ ವಾರ. ನನ್ನ ಕಾಲು ಜಾರಬಾರದು ಅಂತ ಮಾಸ್ತರು ಎರಡೂ ಕಡೆ ಹೊಸದು ಹಾಕಿಸಿದ್ರು. ಯಾಕೆ?"

"ಏನಿಲ್ಲ. ನಾನು ಸವೆತ ಓದೋ ಕೆಲಸದವನು, ಕಣ್ಣಿಗೆ ಬೀಳುತ್ತೆ." ಅವನು ಟಾರ್ಚು ಆಡಿಸಿ ತೋರಿಸಿದ. "ಮಾಸ್ತರ ಕಡೆದು ನೋಡಿ, ಕನ್ನಡಿ ಆಗಿದೆ. ನಿಮ್ಮ ಕಡೆ ಗೆರೆ ಗೆರೆ ಹಾಗೇ ಇದೆ. ಅಂಗಡಿಯಿಂದ ತಂದ ಹಾಗಿದೆ."

ಅವನು ತಲೆ ಹೊರಗೆ ತೆಗೆದು ಮತ್ತೆ ಹೊಗೆ ಹಿಡಿಯತೊಡಗಿದ. ಚಿಕ್ಕಮ್ಮ ಬಗ್ಗಿ ನೋಡಿದಳು. ಹೌದು. ಅವಳ ಕ್ಲಚ್ಚಿನ ರಬ್ಬರಿನ ಮೇಲೆ ಉಬ್ಬು ಗೆರೆಗಳು ಹೊಸ ಚಪ್ಪಲಿಯ ಅಟ್ಟೆಯಂತೆ ಚೂಪಾಗಿದ್ದವು. ನಾಲ್ಕು ತಿಂಗಳು, ವಾರಕ್ಕೆ ಐದು ದಿನ. ಯಾರ ಕಾಲು ಓಡಿಸುತ್ತಿತ್ತು ಈ ಕಾರನ್ನು? ಮಾಸ್ತರು ಕೆಟ್ಟವರಲ್ಲ, ಬರಿ ಹೆದರುಪುಕ್ಕಲರು. ಇವಳು ಒತ್ತುವ ಮುಂಚೆಯೇ ಒತ್ತಿಬಿಡುತ್ತಿದ್ದರು, ಬಿಡುವ ಮುಂಚೆಯೇ ಬಿಡುತ್ತಿದ್ದರು. "ಭೇಷ್ ಚಿಕ್ಕಮ್ಮ, ಎಷ್ಟು ನಯವಾಗಿ ಬಿಟ್ರಿ" ಎನ್ನುತ್ತಿದ್ದರು. ಮೂರು ಸಲ ದೊಡ್ಡ ಸಾಹೇಬರು ಮಾಸ್ತರನ್ನು ಕೆಳಗಿಳಿಸಿದಾಗ ಮೂರು ಸಲವೂ ಕಾರು ಕಪ್ಪೆಯಂತೆ ಹಾರಿ ಸತ್ತಿತ್ತು. ತನ್ನ ಹೆದರಿಕೆಯೇ ಕಾರಣ ಅಂದುಕೊಂಡಿದ್ದಳು. ಕಾರಣ ಹೆದರಿಕೆಯಲ್ಲ. ಅವಳಿಗೆ ಓಡಿಸಲು ಬರುತ್ತಲೇ ಇರಲಿಲ್ಲ.

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಳು ಬಂತು. ಕೈ ಬಿಟ್ಟು ಒರೆಸಿಕೊಳ್ಳುವ ಹಾಗಿರಲಿಲ್ಲ, ಎಡಕ್ಕೆ ಒಂಚೂರು ಹಿಡಿದಿರಬೇಕಿತ್ತು. ಹಾಗಾಗಿ ಅಳು ತಾನಾಗಿಯೇ ಬಂದು, ಗಲ್ಲದವರೆಗೆ ಇಳಿದು, ತಾನಾಗಿಯೇ ಆರಿತು. ಕೀಯಣ್ಣ ಕಂಡೂ ಕಾಣದವನಂತೆ ಅರ ಉಜ್ಜುತ್ತಿದ್ದ.

ಚಪ್ಪಲಿ ಕಳಚಿ ಪಕ್ಕಕ್ಕೆ ಸರಿಸಿದಳು. ಬರಿಗಾಲಿನಿಂದ ಕ್ಲಚ್ಚು ಒತ್ತಿದಳು. ಅಬ್ಬಾ, ಎಷ್ಟು ಗಟ್ಟಿ! ನಾಲ್ಕು ತಿಂಗಳಿಂದ ಬೆಣ್ಣೆಯ ಹಾಗಿದೆ ಅಂದುಕೊಂಡಿದ್ದಳು. ಒತ್ತಿದಳು, ಬಿಟ್ಟಳು. ಅರ್ಧಕ್ಕೆ ಬಿಟ್ಟಳು, ಕಾಲುಭಾಗಕ್ಕೆ ಬಿಟ್ಟಳು. ಪಾದದ ಕೆಳಗೆ ಆ ಗೆರೆಗಳು ಒಂದೊಂದಾಗಿ ತಿಳಿಯುತ್ತಿದ್ದವು. ಕೀಯಣ್ಣ ಒಮ್ಮೆ ಕೀ ಹಾಕಿ ತೆಗೆಯುವಷ್ಟರಲ್ಲಿ ಅವಳು ಐದು ಸಲ ಒತ್ತುತ್ತಿದ್ದಳು. ಬೀದಿಯ ಬೆಕ್ಕು ನೆರಳು ಹುಡುಕಿಕೊಂಡು ಎದ್ದು ಹೋಯಿತು. ಮಹಡಿಯ ಬಟ್ಟೆ ಒಣಗಿ ಹಗುರಾಯಿತು. ದಾರಿ ಮತ್ತೆ ತೆರೆದುಕೊಂಡಿತು. ಈ ಸಲ ಅವಳು ನಿದ್ದೆಯಲ್ಲಿರಲಿಲ್ಲ, ಎಚ್ಚರವಾಗಿಯೂ ಇರಲಿಲ್ಲ. ಎಡಕ್ಕೆ ಬಾಗುತ್ತಾ ಟ್ಯಾಂಕು ದಾಟಿ, ಹಸಿರು ಕಿಟಕಿ ದಾಟಿ, ಕ್ಲಚ್ಚು ಒತ್ತಿ, ಬ್ರೇಕು ಒತ್ತಿದಳು. ಗೇಟಿನ ಮುಂದೆ ಕಾರು ನಿಂತಿತು. ಯಜಮಾನರು ಯಾವ ವಯಸ್ಸಿನವರೋ ಕಾಣಲಿಲ್ಲ. ಬಾಗಿಲು ತೆಗೆದ ಸದ್ದು ಮಾತ್ರ ಕೇಳಿಸಿತು.

ಬಾಗಿಲಲ್ಲ. ಕಟಕ್ ಎಂದು ಬೀಗ ತಿರುಗಿತ್ತು. ಕೈಯಲ್ಲಿದ್ದ ಸ್ಟಿಯರಿಂಗು ಬಿಗಿ ಬಿಟ್ಟು ಒಮ್ಮೆಲೇ ಹಗುರಾಯಿತು. ಸ್ಟಿಯರಿಂಗಿನ ಹಿಂದಿನ ಪುಟ್ಟ ದೀಪಗಳೆಲ್ಲ ಕೆಂಪಗೆ ಹೊತ್ತಿಕೊಂಡವು.

"ಸಾಕು ಅಂತು," ಎಂದ ಕೀಯಣ್ಣ. ಅವನ ಬೆವರಿನ ಮುಖದಲ್ಲಿ ಮಗುವಿನ ಸಂತೋಷವಿತ್ತು.

ಗಂಟೆ ಎರಡೂಕಾಲು. ಮಾಸ್ತರ ಸುಳಿವಿಲ್ಲ. ಅಷ್ಟರಲ್ಲಿ ಚಿಕ್ಕಮ್ಮನ ಫೋನು ಹೊಡೆದುಕೊಂಡಿತು.

"ಚಿಕ್ಕಮ್ಮ, ಬಸ್ಸು ಕೆಟ್ಟು ನಿಂತಿದೆ! ಕಾಗದ ಕೈಲಿದೆ. ನಾನು ಹೇಗಾದ್ರೂ ಮಾಡಿ ನೇರ ಪರೀಕ್ಷೆ ಮೈದಾನಕ್ಕೇ ಬರ್ತೀನಿ. ಕೀಯಣ್ಣಂಗೆ ಹೇಳಿ, ಗಾಡಿ ಅವರೇ ಓಡಿಸ್ಕೊಂಡು ಬರ್ಲಿ."

ಅವಳು ಹೇಳಿದಳು. ಕೀಯಣ್ಣ ಕಣ್ಣಿನ ಗಾಜು ಬಿಚ್ಚಿ ಅಂಗಿಯಿಂದ ಒರೆಸಿದ.

"ನನಗೆ ಕಾರು ಓಡಿಸೋಕೆ ಬರಲ್ಲಮ್ಮಾ."

"ಸಾವಿರಾರು ಕೀ ಮಾಡಿದೀರಂತೆ!"

"ಸ್ಟಾರ್ಟ್ ಮಾಡೋದು ಬರುತ್ತೆ, ಆಫ್ ಮಾಡೋದು ಬರುತ್ತೆ. ನಡುವಿನ ವಿಷಯ ನನಗೆ ಸಂಬಂಧ ಇಲ್ಲ."

"ಹಾಗಾದ್ರೆ ಕೀ ಕೊಡಿ. ನಾನೇ ತಗೊಂಡು ಹೋಗ್ತೀನಿ." ಮಾತು ಬಾಯಿಂದ ಬಿದ್ದ ಮೇಲೆ ಚಿಕ್ಕಮ್ಮನಿಗೇ ಆಶ್ಚರ್ಯವಾಯಿತು.

"ಕಾಗದ ನೋಡದೆ ಕೀ ನನ್ನ ಕೈ ಬಿಟ್ಟು ಹೋಗಲ್ಲ." ಅವನು ಬೀಗದಲ್ಲಿದ್ದ ಕೀಯನ್ನೂ ಚಿಕ್ಕಮ್ಮನ ಮುಖವನ್ನೂ ನೋಡಿ, ಉಗುಳು ನುಂಗಿದ. "ಅದು ಬೀಗದಲ್ಲೇ ಇರ್ಲಿ. ನಾನು ಪಕ್ಕದಲ್ಲಿ ಕೂತು ನೋಡ್ಕೊಂಡಿರ್ತೀನಿ."

ಕಾನೂನು ಒಪ್ಪುವ ಮಾತಲ್ಲ ಇದು. ಕಾನೂನು ಆ ಹೊತ್ತಿಗೆ ಊಟಕ್ಕೆ ಹೋಗಿತ್ತು ಎಂದಿಟ್ಟುಕೊಳ್ಳೋಣ. ಕೀಯಣ್ಣ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಡಗಡೆಯ ಸೀಟಿನಲ್ಲಿ ಕೂತ. ಕೆಳಗಿದ್ದ ಕ್ಲಚ್ಚು, ಬ್ರೇಕು ನೋಡಿ ಹಾವು ಕಂಡವನಂತೆ ಎರಡೂ ಕಾಲನ್ನು ಸೀಟಿನ ಮೇಲೆಳೆದು ಚಕ್ಕಳಮಕ್ಕಳ ಹಾಕಿಬಿಟ್ಟ. "ನಾನು ಏನನ್ನೂ ಮುಟ್ಟಲ್ಲ," ಎಂದು ಕಣ್ಣು ಮುಚ್ಚಿದ.

ಕಾರು ಮೊದಲ ಸಲ ಸತ್ತಿತು. ಎರಡನೇ ಸಲವೂ ಸತ್ತಿತು. ಮೂರನೇ ಸಲ ಚಿಕ್ಕಮ್ಮ ಬರಿಗಾಲಿನ ಕೆಳಗಿನ ಗೆರೆಗಳನ್ನು ನೆನೆದು, ಕಾಲುಭಾಗ, ಅರ್ಧ, ಇನ್ನೊಂಚೂರು ಎಂದು ಬಿಟ್ಟಳು. ಗೋದಾಮಿನ ಗೋಡೆ ಹಿಂದಕ್ಕೆ ಸರಿಯತೊಡಗಿತು. ಕಾರು ತಾನಾಗಿ ಹೋಗುತ್ತಿಲ್ಲ, ತಾನು ಕೊಂಡುಹೋಗುತ್ತಿದ್ದೇನೆ ಎಂಬುದು ಅವಳಿಗೆ ಹಿಮ್ಮಡಿಯಿಂದ ತಿಳಿಯಿತು. ಎರಡು ತಿರುವು, ಒಂದು ವೃತ್ತ, ಒಂದು ಕೆಂಪು ದೀಪ. ಕೆಂಪು ದೀಪದಲ್ಲಿ ಪಕ್ಕ ನಿಂತ ಲಾರಿಯವನು ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದ್ದ ಕೀಯಣ್ಣನನ್ನು ಸನ್ಯಾಸಿಯೋ ಏನೋ ಎಂದು ನೋಡಿದ. ಚಿಕ್ಕಮ್ಮನಿಗೆ ನಗು ಬಂತು. ದಾರಿಯೆಲ್ಲ ಮಟ್ಟಸವಾಗಿತ್ತು, ಎಲ್ಲೂ ಏರಿಲ್ಲ, ಇಳಿತವಿಲ್ಲ. ಬೆಳಕು ತುಂಬಿದ ಆ ಹತ್ತು ನಿಮಿಷ ಅವಳ ಬದುಕಿನಲ್ಲಿ ಬೇರೆಯೇ ಆಗಿ ಉಳಿಯಿತು. ಎಷ್ಟು ಸುಖಪಟ್ಟಳೆಂದರೆ ಮೈದಾನ ಇಷ್ಟು ಬೇಗ ಬಂದದ್ದಕ್ಕೆ ಬೇಸರವಾಯಿತು.

ಮಾಸ್ತರು ಏದುಸಿರು ಬಿಡುತ್ತಾ ಬಂದರು. ಕೀಯಣ್ಣ ಕಾಗದವನ್ನು ಭೂತಗನ್ನಡಿಯಲ್ಲಿ ಓದಿ, ಕಾರಿನ ನಂಬರಿನೊಂದಿಗೆ ತಾಳೆ ನೋಡಿ, ಆಮೇಲೆ ಕೀಯನ್ನು ಮಾಸ್ತರ ಕೈಗಿಟ್ಟ. "ಬೆರಳಿಗೆ ಹಾಕ್ಬೇಡಿ," ಎಂದ. ಯಾರು ಓಡಿಸಿಕೊಂಡು ಬಂದರು ಎಂದು ಮಾಸ್ತರು ಕೇಳಲಿಲ್ಲ, ಇವರು ಹೇಳಲೂ ಇಲ್ಲ.

ಚಿಕ್ಕ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತು ಹಾಳೆ ತೆಗೆದರು. ಮಾಸ್ತರು ಎಡಗಡೆಯ ಬಾಗಿಲು ತೆರೆದು ಒಂದು ಕಾಲು ಒಳಗಿಟ್ಟರು. ಆ ಹೊಳೆಯುವ ಬೂಟನ್ನು ಚಿಕ್ಕಮ್ಮ ನೋಡಿದಳು. ಅದು ಒಳಗೆ ಬಂದರೆ ಲೈಸೆನ್ಸು ಖಂಡಿತ, ಕಾರು ಮನೆಯಲ್ಲೇ ಉಳಿಯುತ್ತದೆ. ಸೋಮವಾರ ಯಜಮಾನರನ್ನು ಪಕ್ಕ ಕೂರಿಸಿಕೊಂಡು ಹೊರಡಬಹುದು. ಅಲ್ಲಿ ಈ ಬೂಟು ಇರುವುದಿಲ್ಲ.

"ನೀವು ಕೆಳಗೇ ಇರಿ ಮಾಸ್ತರೇ."

"ಹುಡುಗಾಟ ಆಡ್ಬೇಡಿ ಚಿಕ್ಕಮ್ಮ! ನಾಲ್ಕನೇ ಸಲ!"

"ನಿಮ್ಮ ಕಾಲು ತುಂಬಾ ದುಡಿದಿದೆ. ಇವತ್ತು ಅದಕ್ಕೆ ರಜ."

ಮಾಸ್ತರು ಕೀ ಕೊಟ್ಟು, ಕಾಲು ಹೊರಗೆ ತೆಗೆದು ಬಾಗಿಲು ಮುಚ್ಚಿದರು. ಚಿಕ್ಕಮ್ಮ ಕಾರು ಬಿಟ್ಟಳು. ನೇರ ಹೋದಳು, ತಿರುಗಿಸಿದಳು, ಹಿಂದಕ್ಕೆ ತಂದು ಎರಡು ಕಂಬಗಳ ನಡುವೆ ನಿಲ್ಲಿಸಿದಳು. ಒಮ್ಮೆಯೂ ಸಾಯಲಿಲ್ಲ. ಕೊನೆಯದು ಏರು. ಮಣ್ಣು ಗುಡ್ಡೆ ಹಾಕಿ ಮಾಡಿದ ಏರಿನ ಅರ್ಧಕ್ಕೆ ಕಾರು ನಿಲ್ಲಿಸಿ ಮತ್ತೆ ಹೊರಡಬೇಕು, ಹಿಂದೆ ಎಳೆದ ಬಿಳಿ ಗೆರೆ ತುಳಿಯಬಾರದು. ಏರಿನಲ್ಲಿ ಅವಳ ಕಾಲು ಎಂದೂ ಏನನ್ನೂ ಮಾಡಿರಲಿಲ್ಲ. ಬ್ರೇಕಿನಿಂದ ಕಾಲು ತೆಗೆದಳು. ಕಾರು ಒಂದು ಮೊಳ ಹಿಂದಕ್ಕೆ ಜಾರಿತು.

"ಅಯ್ಯೋ," ಎಂದರು ಸಾಹೇಬರು, ನಿಜವಾದ ಬೇಸರದಿಂದ. "ಉಳಿದಿದ್ದೆಲ್ಲ ಚೆನ್ನಾಗಿತ್ತಲ್ಲಮ್ಮಾ. ಗೆರೆ ತುಳಿದ್ರೆ ನಾನೇನೂ ಮಾಡೋ ಹಾಗಿಲ್ಲ. ಮುಂದಿನ ಗುರುವಾರ ಬನ್ನಿ."

ಮುಂದಿನ ಗುರುವಾರದ ಮುಂಚೆ ಭಾನುವಾರ ಬರುತ್ತದೆ. ಚಿಕ್ಕಮ್ಮ ಕಾರಿನಿಂದಿಳಿದು ಮೈದಾನದ ಕಟ್ಟೆಯ ಮೇಲೆ ಕೂತಳು. ಬರುತ್ತಿದ್ದ ಲೈಸೆನ್ಸನ್ನು ಜಂಬಕ್ಕೆ ಕಳೆದುಕೊಂ​ಡೆನೇ ಎಂದು ತನ್ನನ್ನೇ ಬೈದುಕೊಂಡಳು. ಮಾಸ್ತರು ದೂರದಲ್ಲಿ ಖಾಲಿ ಬೆರಳನ್ನು ಗಿರಗಿರ ತಿರುಗಿಸುತ್ತಾ ಸಾಹೇಬರಿಗೆ ಏನೋ ಹೇಳುತ್ತಿದ್ದರು. ಕೀಯಣ್ಣ ಬಂದು ಪೆಟ್ಟಿಗೆ ಕೆಳಗಿಟ್ಟ.

"ಎಲ್ಲಿ ಕಚ್ಚುತ್ತೆ ಅಂತ ಗೊತ್ತಾಯ್ತಲ್ಲಮ್ಮಾ. ಇನ್ನು ಅಷ್ಟಕ್ಕೆ ಅರ ಹಾಕಿದ್ರಾಯ್ತು."

"ಮೂರೇ ದಿನ ಇದೆ ಕೀಯಣ್ಣ. ಯಾರ ಹತ್ರ ಹಾಕಿಸ್ಕೊಳ್ಳಲಿ?"

ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು, ಕೇಳಿದ ಗಳಿಗೆಯಲ್ಲೇ ಗೊತ್ತಾಯಿತು.

ಮನೆ ಮುಟ್ಟಿದಾಗ ಐದೂವರೆ. ಯಜಮಾನರು ಮೆಟ್ಟಿಲ ಮೇಲೆ ಕೂತಿದ್ದರು. ಚಿಕ್ಕಮ್ಮ ಎದುರು ನಿಂತು, ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದಳು. ಹೊಲಿಗೆ ಕ್ಲಾಸು ಸುಳ್ಳು, ನಾಲ್ಕು ಸಲ ನಪಾಸು, ಮಾಸ್ತರ ಬೂಟು, ಏರು, ಬಿಳಿ ಗೆರೆ. ಹೇಳಿ ಮುಗಿಸಿ ಕಾದಳು, ಇಪ್ಪತ್ತು ವರ್ಷದ ಹಿಂದಿನ ಕಿರುಚಾಟಕ್ಕೆ ಮೈಯೆಲ್ಲ ಗಟ್ಟಿ ಮಾಡಿಕೊಂಡು.

ಯಜಮಾನರು ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು.

"ಎಷ್ಟು ಜಾರಿತು?"

"ಒಂದು ಮೊಳ."

ಅವರು ಎದ್ದರು. ಗೋಡೆ ಸವರಿಕೊಂಡು ಹೋಗಿ ಕಾರಿನ ಹೊದಿಕೆ ಎಳೆದು ಹಾಕಿದರು. ಎಂಟು ತಿಂಗಳ ಧೂಳು ಸಂಜೆಯ ಬಿಸಿಲಿನಲ್ಲಿ ಎದ್ದು ನಿಂತಿತು. ಕಾರಿನ ಮೈ ಮೇಲೆ ಕೈಯಾಡಿಸುತ್ತಾ ಎಡಗಡೆಯ ಬಾಗಿಲು ಹುಡುಕಿದರು. ಆ ಬಾಗಿಲು ಎಲ್ಲಿದೆ ಎಂಬುದು ಅವರ ಕೈಗೆ ಅಭ್ಯಾಸವಿರಲಿಲ್ಲ. ಕೂತು, "ಬಾ" ಅಂದರು.

ಬ್ಯಾಟರಿ ಕೆಮ್ಮಿ ಕೆಮ್ಮಿ ಹಿಡಿಯಿತು. ಅವರ ಮನೆಯ ಅಂಗಳ ಬೀದಿಗಿಂತ ತಗ್ಗು; ಗೇಟಿಗೆ ಹೋಗುವುದೇ ಒಂದು ಏರು. ಅರ್ಧ ಏರಿಸಿ ನಿಲ್ಲಿಸು ಅಂದರು. ನಿಲ್ಲಿಸಿದಳು. ಯಜಮಾನರು ಕಣ್ಣು ಮುಚ್ಚಿ ತಲೆಯನ್ನು ಸ್ವಲ್ಪ ಓರೆ ಮಾಡಿದರು.

"ಬ್ರೇಕು ಬಿಡಬೇಡ. ಕ್ಲಚ್ಚು ಮೇಲೆ ತಾ. ಇನ್ನೂ... ಇನ್ನೂ... ಆಂ, ಇಂಜಿನ್ ದನಿ ಇಳೀತು ನೋಡು, ಕೇಳಿಸ್ತಾ? ಅಲ್ಲೇ ಹಿಡಿ. ಈಗ ಬ್ರೇಕು ಬಿಡು."

ಅವಳು ಬಿಟ್ಟಳು. ಕಾರು ಜಾರಲಿಲ್ಲ. ಮುಂದೆಯೂ ಹೋಗಲಿಲ್ಲ. ಏರಿನ ನಡುವೆ, ಅವಳ ಎಡಗಾಲಿನ ಮೇಲೆ, ನಡುಗುತ್ತಾ ನಿಂತಿತು. ಗಾಜಿನ ತುಂಬ ಸಂಜೆಯ ಆಕಾಶ.

"ನಿಂತಿದೆ ರೀ," ಅಂದಳು, ಪಿಸುದನಿಯಲ್ಲಿ.

"ಭಾನುವಾರದವನಿಗೆ ಬರಬೇಡ ಅಂತ ಹೇಳ್ತೀನಿ," ಅಂದರು ಯಜಮಾನರು. ಆಮೇಲೆ ಅವರ ದನಿ ಅವಳು ಎಂದೂ ಕೇಳದಷ್ಟು ಸಣ್ಣದಾಗಿ ಬಂತು. "ಇಷ್ಟೇ ಕಣೇ ಇದು. ಆವತ್ತು ನಾನು ಕಿರುಚಬಾರದಿತ್ತು."

ಚಿಕ್ಕಮ್ಮ ಕ್ಲಚ್ಚನ್ನು ಇನ್ನೊಂಚೂರು ಬಿಟ್ಟು ಗೇಟಿನವರೆಗೂ ಏರಿಸಿದಳು.